ಡಾಕ್ಟರ ಮೊದಲ ಮದ್ದು

ಇಪ್ಪತ್ತೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಯಾರು ಏನೇ ಗೋಳು ಹೇಳಿಕೊಂಡು ಬರಲಿ, ಅವನ ಮೊದಲ ಮದ್ದು ಒಂದೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಮುಕ್ಕಾಲು ಪಾಲು ರೋಗ ಅಲ್ಲಿಗೇ ವಾಸಿಯಾಗುತ್ತಿತ್ತು.

ಟೈಲರಕ್ಕನ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿದಾಗ ಅವನೇ ಒಂದೊಂದು ಬಿಡಿಭಾಗ ಆರಿಸಿ ಹೊಸದನ್ನು ಜೋಡಿಸಿಕೊಟ್ಟ. ಆದರೆ ಅವಳ ಕಸೂತಿ ಡಿಸೈನುಗಳು ತೆರೆದುಕೊಳ್ಳುವುದು ಹಳೆಯ ವಿಂಡೋಸ್‌ನಲ್ಲಿ ಮಾತ್ರ. ಮೂರು ದಿನದಿಂದ ಅದನ್ನು ಹಾಕಲು ಹೆಣಗುತ್ತಿದ್ದಾನೆ. ಪ್ರತಿ ಸಲವೂ 'ಯಾವ ಭಾಷೆ?' ಎಂದು ಕೇಳುವ ಮೊದಲ ಪುಟದಲ್ಲೇ ಮೌಸ್ ಅಲ್ಲಾಡುವುದಿಲ್ಲ, ಕೀಬೋರ್ಡೂ ಅಷ್ಟೇ. ಅವೆರಡನ್ನೂ ಸಿಕ್ಕಿಸಿದ ಹೊಸ ಮದರ್‌ಬೋರ್ಡಿನ ಯುಎಸ್‌ಬಿ ಪೋರ್ಟುಗಳ ಪರಿಚಯವೇ ಆ ಮುದಿ ವಿಂಡೋಸ್‌ಗಿಲ್ಲ. ಪರಿಚಯ ಮಾಡಿಸಬೇಕಾದ ಡ್ರೈವರ್ ಸಾಫ್ಟ್‌ವೇರನ್ನು ಬೋರ್ಡಿನ ಕಂಪನಿ ಮಾಡಿಯೇ ಇಲ್ಲ.

"ತಗೊಳೋ ಮೊದ್ಲೇ ನಾನು ನೋಡ್ಬೇಕಿತ್ತು ಅಕ್ಕಾ. ಹೊಸದು ತಾನೇ, ಎಲ್ಲಾ ಓಡುತ್ತೆ ಅಂದ್ಕೊಂಡ್ಬಿಟ್ಟೆ," ಎಂದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜ್ವರ ಬಂದ ಮಗುವನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದಳು: "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ, ಡಾಕ್ಟ್ರೇ."

ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಆಫ್ ಮಾಡಿದ.

ಆನ್ ಮಾಡಲು ಕೈ ಏಳಲಿಲ್ಲ.