ಕೆಂಪು ಕಾಣದ ಕ್ಯಾಮೆರಾ

ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಆ ಭಾನುವಾರ ನಾನು ತೆಗೆದ ಫೋಟೊದಲ್ಲಿ ತೆಂಗಿನ ಗರಿಗಳು ಹತ್ತಿಯಂತೆ ಬೆಳ್ಳಗಿದ್ದವು, ನೀರು ಕಪ್ಪಾಗಿತ್ತು. ನಡುವೆ ನಿಂತ ನನ್ನ ಹೆಂಡತಿ ನಾಗವೇಣಿಯ ಹಣೆಯಲ್ಲಿ ಕುಂಕುಮವೇ ಇರಲಿಲ್ಲ. ಎದುರಿಗೆ ನೋಡಿದರೆ ಕಾಸಿನಗಲ ಇತ್ತು. ನಮ್ಮ ಮಾಮೂಲು ದಿನಗಳಲ್ಲಿ ಅದೇ ಕೊನೆಯದು.

ಪಕ್ಕದ ಮನೆಯ ಮುಮ್ತಾಜ್ ಜೊತೆಗಿದ್ದರು. ಕ್ಯಾಮೆರಾದ ಪುಟ್ಟ ಪರದೆಗೆ ಬಗ್ಗಿ, "ನೋಡ್ರೀ ನಾಗಕ್ಕ, ಈಗ ನೀವು ನಮ್ಮನೆ ಹೆಂಗಸ್ರ ಥರಾನೇ ಕಾಣ್ತೀರ. ಈ ಸಲ ರಂಜಾನ್ ಉಪವಾಸ ನೀವೂ ಹಿಡೀಬೇಕು ಕಣ್ರೀ" ಎಂದರು.

"ಉಪವಾಸ ನಿಮ್ಗೇ ಇರ್ಲಿ, ಪಾಯಸ ಮಾತ್ರ ನಂಗೆ" ಎಂದು ನಾಗವೇಣಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಕ್ಯಾಮೆರಾ ಆದ್ರೂ ಬಿಚ್ಚದೆ ಇಡಿ ಮಾರಾಯ್ರೆ. ಅಮ್ಮಂಗೆ ಕಳಿಸೂಕೆ ನಂದೊಂದು ಸಮಾ ಫೋಟೊ ಇಲ್ಲ" ಎಂದಳು.

ನಾಳೆ ತೆಗೆಯುತ್ತೇನೆ ಎಂದೆ. ಮನೆಯಲ್ಲಿ ಬಿಚ್ಚದ ಕ್ಯಾಮೆರಾ ಒಂದೇ ಉಳಿದಿತ್ತು. ಉಳಿದವಕ್ಕಿಂತ ತುಸು ಒಳ್ಳೆಯದು ಎಂಬ ಆಸೆಗೆ ಆ ಸಂಜೆ ಅದನ್ನೂ ಬಿಚ್ಚಿದೆ.

ನಾನು ಹೊನ್ನಾವರದಲ್ಲಿ ದೋಣಿ ಎಂಜಿನ್ನಿನ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದುದು ಆ ಊರಿನವರಾದ ನಿಮಗೆ ಗೊತ್ತು. ಇಲ್ಲಿ ಅಜ್ಜಂಪುರದಲ್ಲಿ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುತ್ತೇನೆ. ಬಂದು ಮೂರು ವರ್ಷವಾಯಿತು. ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಮೊದಲು ಕೇಳಿದ್ದು ಮೀನು ಬೇಯಿಸುತ್ತೀರಾ ಎಂದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಮುಮ್ತಾಜ್ ಕಲಿಸಿದರು. ನಾಗವೇಣಿ ಒಂದು ತಿಂಗಳು ಕದ್ದು ಅಗಿದಳು. ನುಂಗಲು ಬಂದ ದಿನ ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಿಮ್ಮಲ್ಲಿ ಗೋಡೆಯೂ ಬೆವರುತ್ತದೆ. ನಮ್ಮ ಮದುವೆಯ ಹೊತ್ತಿಗೆ ಕೊಂಡ ಕ್ಯಾಮೆರಾದ ಮಸೂರಕ್ಕೆ ಎರಡೇ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ಇಲ್ಲಿನ ಗಾಳಿ ಒಣ. ಕಡೂರಿನ ಗುಜರಿ ಅಂಗಡಿಯಲ್ಲಿ ಯಾರಿಗೂ ಬೇಡವಾದ ಡಿಜಿಟಲ್ ಕ್ಯಾಮೆರಾಗಳು ಒಂದು ಬುಟ್ಟಿ ಬಿದ್ದಿದ್ದವು, ಗಾಜು ಮಾತ್ರ ಹೊಸದರಂತಿತ್ತು. ಒಂದೊಂದಾಗಿ ತಂದೆ.

ಈ ಕ್ಯಾಮೆರಾಗಳ ಒಳಗೆ, ಚಿತ್ರ ಬೀಳುವ ಜಾಗದ ಮುಂದೆ, ತಿಳಿನೀಲಿ ಗಾಜಿನ ಚೂರೊಂದಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ತಡೆಯುವುದು ಅದರ ಕೆಲಸ. ಅದನ್ನು ಕಿತ್ತು, ಅಲ್ಲಿ ತೊಳೆದ ಫಿಲ್ಮ್ ರೋಲಿನ ಕಪ್ಪು ತುದಿಯನ್ನು ಕತ್ತರಿಸಿ ಕೂರಿಸಿದರೆ, ಕಾಣುವ ಬೆಳಕು ಹೊರಗೆ ನಿಂತು ಕಾಣದ್ದು ಒಳಗೆ ಬರುತ್ತದೆ. ಬಣ್ಣಗಳೆಲ್ಲ ಹೋಗಿ ಹಸಿರೆಲೆ ಬೆಳ್ಳಗಾಗುತ್ತದೆ. ಕುಂಕುಮ ಚರ್ಮದಲ್ಲಿ ಕರಗಿಹೋಗುತ್ತದೆ. ಹೊಸ ಊರಲ್ಲಿ ಮಾತಾಡಲು ಜನ ಕಡಿಮೆ ಇದ್ದ ನನಗೆ ಇದು ಹುಚ್ಚಾಗಿ ಹಿಡಿಯಿತು. ಈರುಳ್ಳಿ ಮಂಡಿ, ರೈಲು ನಿಲ್ದಾಣ, ತರೀಕೆರೆ ರಸ್ತೆಯ ಸಾಲುಮರ, ಎಲ್ಲ ಕಡೆಯೂ ನಾಗವೇಣಿಯನ್ನೇ ನಿಲ್ಲಿಸುತ್ತಿದ್ದೆ. ಕರೆದರೆ ಬರುತ್ತಿದ್ದವಳು ಅವಳೊಬ್ಬಳೇ.

ಸೋಮವಾರ ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದು ಕುಳಿತಳು. ಶಿವಮೊಗ್ಗಕ್ಕೆ ಕರೆದೊಯ್ಯುವಾಗ ತರೀಕೆರೆ ದಾಟುವಷ್ಟರಲ್ಲಿ ಮಾತು ನಿಂತಿತ್ತು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಬುಧವಾರ ಹೋದಳು.

ಕಾಲುನೋವಿನಿಂದ ಘಟ್ಟ ಹತ್ತಿ ಬರಲಾಗದ ಅತ್ತೆ ಹೊನ್ನಾವರದಿಂದ ಫೋನು ಮಾಡಿದರು. "ಹನ್ನೊಂದನೇ ದಿನಕ್ಕೆ ಇಡೂಕೆ ಫೋಟೊ ಬೇಕು. ಈಗಿನದ್ದೇ ಕಳಿಸು. ಮೂರು ವರ್ಷಾತು ನಾ ಅವಳ ಮುಖ ಕಾಣದೆ."

ನನ್ನ ಫೋನಿನ ಕ್ಯಾಮೆರಾ ಬಿದ್ದು ಒಡೆದು ಬಹಳ ಕಾಲವಾಗಿತ್ತು. ಇಷ್ಟು ಕ್ಯಾಮೆರಾ ಇರುವವನಿಗೆ ಅದೇಕೆ ಎಂದು ಸರಿಮಾಡಿಸಿರಲಿಲ್ಲ. ನಾಗವೇಣಿಯದು ಕ್ಯಾಮೆರಾ ಇಲ್ಲದ ಬಟನ್ ಫೋನು. ಮುಮ್ತಾಜ್ ತಮ್ಮ ಫೋನನ್ನೆಲ್ಲ ಹುಡುಕಿದರು. ಒಂದು ಮದುವೆಯ ವಿಡಿಯೊದಲ್ಲಿ ನಾಗವೇಣಿಯ ಬೆನ್ನು, ಜಡೆ. ಅಷ್ಟೇ. ಕೆರೆ ಏರಿಯ ಫೋಟೊವನ್ನೇ ಕಳಿಸಿದೆ.

"ಇದೆಂತದು?" ಅತ್ತೆ ಕೂಡಲೇ ಫೋನು ಮಾಡಿದರು. "ನನ್ನ ಮಗಳು ಮುತ್ತೈದೆಯಾಗಿ ಹೋದವಳು. ಬೋಳು ಹಣೆ ಎಂತಕ್ಕೆ ತೋರಿಸ್ತೆ?"

ಕಡೂರಿನ ಸ್ಟುಡಿಯೊಗೆ ಹೋದೆ. ಅಲ್ಲಿನವರು ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡಿ, "ಕುಂಕುಮ ಇಟ್ಕೊಡ್ತೀನಿ ಬಿಡಿ ಸಾರ್, ಅದೇನ್ ದೊಡ್ಡದಲ್ಲ. ಸೀರೆ ಯಾವ ಕಲರ್ರು?" ಎಂದರು.

ನನಗೆ ನೆನಪಾಗಲಿಲ್ಲ.

"ಹೋಗ್ಲಿ, ಯಾವ್ದೋ ಒಂದ್ ಹಾಕಾಣ. ಮೈಬಣ್ಣ? ಬಿಳುಪಾ, ಗೋಧಿನಾ?"

ಅಜ್ಜಂಪುರಕ್ಕೆ ಬರುವಾಗ ಗೋಧಿ ಎನ್ನಬಹುದಾಗಿತ್ತು. ಮೂರು ಬೇಸಿಗೆಯ ಒಣ ಬಿಸಿಲಿಗೆ ಅವಳ ಕೆನ್ನೆಗೆ ಬೇರೆಯೇ ಬಣ್ಣ ಬಂದಿತ್ತು. ಆ ಬಣ್ಣದ ಹೆಸರು ನನಗೆ ಗೊತ್ತಿರಲಿಲ್ಲ.

"ನೋಡ್ದೋರು ನೀವು. ನೀವೇ ಹೇಳ್ದಿದ್ರೆ ನಾನೇನ್ ಮಾಡ್ಲಿ ಸಾರ್" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಕೊನೆಗೆ ಅತ್ತೆ ಮದುವೆಯ ಫೋಟೊವನ್ನೇ ಇಟ್ಟರು. ಈಗ ಊರಿಗೆ ಬಂದರೆ ಗೋಡೆಯ ಮೇಲೆ ಇಪ್ಪತ್ತೆರಡರ ಹುಡುಗಿ ಇರುತ್ತಾಳೆ, ಬಂದವರು ಅವಳ ಬಗ್ಗೆಯೇ ಮಾತಾಡುತ್ತಾರೆ. ವಾಪಸು ಬಾ ಎಂದು ನೀವೆಲ್ಲ ಕರೆಯುತ್ತೀರಿ. ಆದರೆ ನಲವತ್ತೊಂದರ ಹೆಂಗಸನ್ನು ಬಲ್ಲವರು ಇಲ್ಲಿದ್ದಾರೆ. ಸಂತೆಯಲ್ಲಿ ಸೊಪ್ಪಿನಾಕೆ ಇವತ್ತಿಗೂ "ಅಕ್ಕಾರು ಇದ್ದಿದ್ರೆ ಇನ್ನೊಂದ್ ಕಟ್ಟು ಕಿತ್ಕೊಂಡೇ ಹೋಗೋರು" ಎನ್ನುತ್ತಾಳೆ. ಅದಕ್ಕಾಗಿ ಇದ್ದೇನೆ. ಅದೇ ಸೊಪ್ಪಿನಾಕೆ ಪಕ್ಕದವಳಿಗೆ ನನ್ನನ್ನು ತೋರಿಸುವಾಗ ಘಟ್ಟದ ಕೆಳಗಿನೋರು ಎಂದೇ ಹೇಳುತ್ತಾಳೆ.

ಸುಮಾರು ನಾನೂರು ಫೋಟೊಗಳಲ್ಲಿ ನಾಗವೇಣಿ ಇದ್ದಾಳೆ. ಅಜ್ಜಂಪುರದಲ್ಲಿ ಅವಳ ಮುಖಕ್ಕಿದ್ದ ಬಣ್ಣ ಒಂದರಲ್ಲೂ ಇಲ್ಲ.