ಮೀನಿನ ದಿನ ಮುಚ್ಚುತ್ತಿದ್ದ ಕಿಟಕಿ

ಹಣೆತುಂಬ ವಿಭೂತಿ ಹಚ್ಚಿದ್ದ ಮನೆ ಮಾಲಕಿ ಕೆಮ್ಮುತ್ತಾ ನಮ್ಮ ಬಾಗಿಲಲ್ಲಿ ಬಂದು ನಿಂತರು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ಹೊಳೆ ದಂಡೆಯ ಗೂಗಲ್ ಊರಿನಿಂದ ಬಂದಾಗಲೆಲ್ಲ ನನ್ನ ಅಣ್ಣ ಹೊಳೆಯ ಮೀನು ತರುತ್ತಾನೆ. ಮೇಲಿನ ಮನೆಯಲ್ಲಿರುವ ಮಾಲಕಿಗೆ ವಾಸನೆ ಹೋಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಕೆಂಡಕ್ಕೆ ಲೋಬಾನ ಹಾಕಿ ಮನೆತುಂಬ ಹೊಗೆ ಎಬ್ಬಿಸುವುದು ನನ್ನ ರೂಢಿ. ರಾಯಚೂರಿನಲ್ಲಿ ಮೀನು ತಿನ್ನುವವರಿಗೆ ಬಾಡಿಗೆ ಮನೆ ಸಿಗುವ ಕಷ್ಟ ಅಲೆದವರಿಗೇ ಗೊತ್ತು.

“ತಪ್ಪಾತ್ರಿ ಅಮ್ಮಾರ, ಇನ್ನ ಮ್ಯಾಲೆ ಮೀನು ಮಾಡಂಗಿಲ್ರಿ,” ಎಂದೆ.

ಅವರು ಸೀದಾ ಅಡುಗೆಮನೆಗೆ ಹೋಗಿ ಕಿಟಕಿ ತೆರೆದರು. “ಮೀನು ಯಾಕ ಬಿಡ್ತೀ ಯವ್ವಾ? ಅದರ ವಾಸನಿ ಗಾಳಿಗೆ ಹೋಗ್ತದ. ನಿನ್ನ ಲೋಬಾನದ ಹೊಗಿಗೆ ನಂಗ ದಮ್ಮು ಹತ್ತಾಕತ್ತದ. ಉಣ್ಣೂದಕ್ಕ ಯಾರರ ಇಷ್ಟು ಅಂಜ್ತಾರೇನು?” ಎನ್ನುತ್ತಾ ಲೋಬಾನದ ಕೆಂಡಕ್ಕೆ ತಾವೇ ನೀರು ಚಿಮುಕಿಸಿ ಮೇಲೆ ಹೋದರು.

ಅಲ್ಲಿಯವರೆಗೆ ಮೀನು ಮಾಡಿದ ದಿನ ನನ್ನ ಮಕ್ಕಳು ಹೊಗೆಗೆ ಕಣ್ಣೊರೆಸಿಕೊಳ್ಳುತ್ತಲೇ ಉಣ್ಣುತ್ತಿದ್ದರು. ಅಂದು ತೆರೆದ ಕಿಟಕಿಯ ಪಕ್ಕ ಕೂತು ಎಲ್ಲರೂ ನಿರಾಳವಾಗಿ ಉಂಡೆವು. ಕಣ್ಣೊರೆಸಿಕೊಂಡವಳು ನಾನೊಬ್ಬಳೇ.