ಕಬ್ಬಿಣಕ್ಕೆ ಬಡಿದ ಉಡಿ

ಕೃಷ್ಣಾ ಹೊಳೆಯ ಮೇಲಿನ ಆ ಕಬ್ಬಿಣದ ಸೇತುವೆಯನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು. ಎರಡೂ ಬದಿಗೆ ಅಡ್ಡಡ್ಡ ಹೆಣೆದ ಪಟ್ಟಿಗಳು, ತಲೆಯ ಮೇಲೂ ಅವೇ. ಬಸ್ಸು ಹೊಕ್ಕರೆ ಬೋನಿನೊಳಗೆ ಹೊಕ್ಕಂತೆ. ಕಬ್ಬಿಣದ ಮೇಲೆ ಎಂಥ ಸಿಟ್ಟು ಅಂತ ನೀವು ನಗಬಹುದು, ನಗಿ.

ನಮ್ಮ ಮನೆತನದಲ್ಲಿ ಬಸುರಿ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವಾಗ ಹೊಳೆ ಅಡ್ಡ ಬಂದರೆ ಗಂಗವ್ವನಿಗೆ ಉಡಿ ಕೊಡಬೇಕು. ಖಣದ ಬಟ್ಟೆಯಲ್ಲಿ ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಕಟ್ಟಿ ನೀರಿಗೆ ಬಿಡುವುದು. ಅಜ್ಜಿಯ ಕಾಲಕ್ಕೆ ದೋಣಿಯಲ್ಲಿ ಕೂತು ಕೈಯಾರೆ ಬಿಡುತ್ತಿದ್ದರಂತೆ. ಅವ್ವನ ಪಾಲಿಗೆ ಬಂದದ್ದು ಬಸ್ಸಿನ ಕಿಟಕಿ.

ಅಕ್ಕನನ್ನು ಆಚೆ ದಂಡೆಯ ಗಂಡನ ಮನೆಯಿಂದ ನಮ್ಮೂರು ಬಸವನ ಬಾಗೇವಾಡಿಗೆ ಕರೆತರುತ್ತಿದ್ದೆವು. ಸೇತುವೆಯ ನಡುವೆ ಅವ್ವ ಗಂಟನ್ನು ಎಸೆದಳು. ಅದು ಕಬ್ಬಿಣದ ಪಟ್ಟಿಗೆ ಬಡಿದು ರಸ್ತೆಗೆ ಬಿತ್ತು. ಹಿಂದಿದ್ದ ಲಾರಿ ಅದರ ಮೇಲೆಯೇ ಹಾದುಬಂತು.

“ಬಸ್ ನಿಂದರಸ್ರಿ,” ಅಂತ ಅವ್ವ ಎದ್ದು ನಿಂತಳು.

“ಬ್ರಿಜ್ ಮ್ಯಾಲ ನಿಂದರಸಾಕ ಬರಂಗಿಲ್ಲ, ಯವ್ವಾ. ಕುಂದರ್ರಿ,” ಅಂದ ಕಂಡಕ್ಟರ್.

ಅಕ್ಕ ಅವಳ ಸೆರಗು ಹಿಡಿದು ಕೂರಿಸಿದಳು. “ಬಿಡ ಯವ್ವಾ. ಹಸಿವಾದ್ರ ಗಂಗವ್ವ ಮ್ಯಾಲ ಬಂದು ತಗೋತಾಳ,” ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ನಗಲಿಲ್ಲ. ಊರು ಮುಟ್ಟುವವರೆಗೂ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು.

ಹೆರಿಗೆಯಾಯಿತು, ಹೆಣ್ಣುಕೂಸು. ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಜೀಪು ತರುವಷ್ಟರಲ್ಲಿ ಹೋಗಿಬಿಟ್ಟಳು.

“ನನ್ನ ಕೈಲೇ ಆತು,” ಅಂತ ಅವ್ವ ಒಂದೇ ಮಾತು ಹಿಡಿದಳು. ಉಡಿಗೂ ರಕ್ತಕ್ಕೂ ಏನು ಸಂಬಂಧ ಅಂತ ಹೇಳಿ ಹೇಳಿ ನನಗೆ ಸಾಕಾಗಿಹೋಯಿತು. ಒಮ್ಮೊಮ್ಮೆ ಜಗಳವನ್ನೇ ಆಡಿದೆ. ಅವಳು ಕೂಸಿಗೆ ಹಾಲು ಕುಡಿಸುತ್ತಲೇ ಇರುತ್ತಿದ್ದಳು. ಅಕ್ಕ ಇಲ್ಲದ ಮನೆಯಲ್ಲಿ ನನಗೂ ಯಾರ ಮೇಲಾದರೂ ರೇಗಬೇಕಿತ್ತು, ಅಷ್ಟೇ.

ಕೂಸು ಕೂರುವಂತಾದ ಮೇಲೆ ಅದರ ತಂದೆಯ ಮನೆಯವರು ಎಸ್‌ಟಿಡಿ ಬೂತಿಗೆ ಫೋನು ಮಾಡಿ ಕರೆತನ್ನಿ ಅಂದರು. ಅದನ್ನು ಒಪ್ಪಿಸಲು ಅವ್ವನೂ ನಾನೂ ಹೊರಟೆವು. ಅವ್ವ ಸೇತುವೆಗೆ ಮುಂಚೆಯೇ ಬಸ್ಸು ನಿಲ್ಲಿಸಿ ಇಳಿದಳು. ಲಾರಿಗಳ ಹಾರ್ನಿನ ನಡುವೆ, ಅಂಚು ಹಿಡಿದು ನಡೆದೆವು. ಹೊಳೆಯ ನಡುಮಧ್ಯ ಕೂಸನ್ನು ನನ್ನ ಕೈಗೆ ಕೊಟ್ಟು, ಕಬ್ಬಿಣದ ಸಂದಿಯಲ್ಲಿ ಭುಜದವರೆಗೆ ತೋಳು ತೂರಿಸಿ ಕೂಸಿನ ಹೆಸರಲ್ಲಿ ಒಂದು ಗಂಟು ಬಿಟ್ಟಳು. ಇದನ್ನೆಲ್ಲ ನಂಬದ ನಾನೇ ಬಗ್ಗಿ, ನೀರಿಗೆ ಬಿತ್ತೋ ಇಲ್ಲವೋ ನೋಡಿದೆ. ಬಿದ್ದಿತ್ತು.

ಅವ್ವ ಚೀಲದಿಂದ ಇನ್ನೊಂದು ಗಂಟು ತೆಗೆದಳು.

“ಕೂಸಿಂದು ಆತಲ್ಲ, ಇದ್ಯಾರದು?” ಅಂದೆ.

“ನಿಮ್ಮಕ್ಕಂದು,” ಅಂದಳು. “ತಡಾ ಆತು.”